ಬಾರ್ಡರ್ ಸಮ ಬರುತ್ತಿಲ್ಲವೇ? ಮೊದಲು ಹಾಳೆಗೆ ಅಳತೆ ಪಟ್ಟಿ ಹಿಡಿಯಿರಿ

ಪ್ರಶ್ನೆ: ಹಾವೇರಿಯಲ್ಲಿ ಸಣ್ಣದೊಂದು ಡ್ರಾಫ್ಟಿಂಗ್ ಆಫೀಸ್ ಇಟ್ಟುಕೊಂಡಿದ್ದೇನೆ. ಮನೆ ಪ್ಲ್ಯಾನ್, ಶೆಡ್ ಡ್ರಾಯಿಂಗ್ ಎಲ್ಲ ಆಟೋಕ್ಯಾಡ್ ಅನ್ನುವ ಡ್ರಾಯಿಂಗ್ ಸಾಫ್ಟ್‌ವೇರ್‌ನಲ್ಲಿ ಮಾಡಿ ಎ3 ಹಾಳೆಯಲ್ಲಿ ಕೊಡುತ್ತೇನೆ. ಲೇಔಟ್‌ನಲ್ಲಿ (ಪ್ರಿಂಟ್ ಆಗುವ ಹಾಳೆ ಕಾಣುವ ಕಡೆ) 0,0 ದಿಂದ ಶುರು ಮಾಡಿ ಎ3 ಅಳತೆಯ 420 x 297 ಮಿ.ಮೀ. ಬಾಕ್ಸ್ ಹಾಕಿ, ಅದರೊಳಗೆ ನಾಲ್ಕೂ ಕಡೆ 10 ಮಿ.ಮೀ. ಬಿಟ್ಟು ಬಾರ್ಡರ್ ಎಳೆದಿದ್ದೇನೆ. ಆದರೆ ನಮ್ಮ ಲೇಸರ್ ಪ್ರಿಂಟರ್‌ನಲ್ಲಿ ತೆಗೆದರೆ ಎಡಕ್ಕೆ ಮತ್ತು ಕೆಳಗೆ 15 ಮಿ.ಮೀ. ಜಾಗ ಉಳಿಯುತ್ತದೆ, ಬಲಕ್ಕೆ 5 ಮಾತ್ರ, ಮೇಲಿನ ಗೆರೆ ಒಮ್ಮೊಮ್ಮೆ ಬರುವುದೇ ಇಲ್ಲ. ಪಿಡಿಎಫ್ ಮಾಡಿ ಹುಬ್ಬಳ್ಳಿಯ ಝೆರಾಕ್ಸ್ ಅಂಗಡಿಯಲ್ಲಿ ತೆಗೆಸಿದರೆ ಎಡ-ಬಲ ಎರಡೂ ಕಡೆ ಸುಮಾರು 17, ಮೇಲೆ-ಕೆಳಗೆ ಸುಮಾರು 15 ಬರುತ್ತದೆ. ಎಲ್ಲೂ 10 ಬರುತ್ತಿಲ್ಲ. ಏನು ತಪ್ಪು ಮಾಡುತ್ತಿದ್ದೇನೆ?

ಉತ್ತರ: ನೀವು ಅಳೆದು ಬರೆದಿದ್ದೀರಲ್ಲ, ಅದಕ್ಕೆ ಮೊದಲು ಧನ್ಯವಾದ. ಬಹಳಷ್ಟು ಜನ "ಸರ್, ಬಾರ್ಡರ್ ಒಂದು ಕಡೆ ಸರಿಯುತ್ತೆ" ಅಂತಷ್ಟೇ ಬರೆಯುತ್ತಾರೆ. ಎಷ್ಟು ಸರಿಯುತ್ತದೆ ಅಂತ ಗೊತ್ತಿಲ್ಲದಿದ್ದರೆ ಯಾಕೆ ಸರಿಯುತ್ತದೆ ಅಂತ ಹೇಳುವುದು ಕಷ್ಟ. ನಿಮ್ಮ ಅಂಕಿಗಳಲ್ಲೇ ಉತ್ತರ ಇದೆ. ನಿಮ್ಮ ಹತ್ತಿರ ಇರುವುದು ಒಂದು ತೊಂದರೆಯಲ್ಲ, ಎರಡು ಬೇರೆ ಬೇರೆ ತೊಂದರೆ. ನಿಮ್ಮ ಪ್ರಿಂಟರ್‌ನಲ್ಲಿ ಡ್ರಾಯಿಂಗ್ ಜಾಗ ಬಿಟ್ಟು ಸರಿದಿದೆ. ಅಂಗಡಿಯಲ್ಲಿ ಡ್ರಾಯಿಂಗ್ ಕುಗ್ಗಿದೆ. ಮೊದಲನೆಯದು ನೋಡಲಿಕ್ಕೆ ಕೆಟ್ಟದು, ಅಷ್ಟೆ. ಎರಡನೆಯದು ಅಪಾಯ.

ಹೇಗೆ ಗೊತ್ತಾಯಿತು ಅಂದರೆ, ಎದುರುಬದುರು ಮಾರ್ಜಿನ್ ಕೂಡಿಸಿ ನೋಡಿ. ನೀವು ಎಳೆದದ್ದು 10 ಮತ್ತು 10, ಅಂದರೆ 20. ನಿಮ್ಮ ಪ್ರಿಂಟರ್‌ನಲ್ಲಿ 15 ಮತ್ತು 5 ಬಂತು, ಅದೂ 20. ಮೊತ್ತ ಸರಿ ಇದೆ ಅಂದರೆ ಅಳತೆ ಸರಿ ಇದೆ, ಇಡೀ ಚಿತ್ರ 5 ಮಿ.ಮೀ. ಜರುಗಿದೆ ಅಂತ ಅರ್ಥ. ಅಂಗಡಿಯ ಪ್ರತಿಯಲ್ಲಿ 17 ಮತ್ತು 17, ಅಂದರೆ 34. ಈ 14 ಮಿ.ಮೀ. ಎಲ್ಲಿಂದ ಬಂತು? ಬಾರ್ಡರ್‌ನಿಂದಲೇ ಬಂತು. 400 ಇರಬೇಕಾದ ಬಾರ್ಡರ್ 386ಕ್ಕೆ ಇಳಿದಿದೆ. ಬಾರ್ಡರ್ ಇಳಿದರೆ ಒಳಗಿನ ಗೋಡೆ, ಬಾಗಿಲು, ಕಂಬ ಎಲ್ಲವೂ ಅದೇ ಲೆಕ್ಕದಲ್ಲಿ ಇಳಿದಿರುತ್ತವೆ. ಹಾಳೆ ಕೈಗೆ ಬಂದ ತಕ್ಷಣ ಈ ಕೂಡಿಸುವ ಕೆಲಸ ಮಾಡಿ. ಅರ್ಧ ನಿಮಿಷ ಸಾಕು.

ಈಗ ಒಂದೊಂದಾಗಿ ಬಿಡಿಸೋಣ.

ಸಾಮಾನ್ಯ ಆಫೀಸ್ ಪ್ರಿಂಟರ್ ಹಾಳೆಯ ತುದಿಯವರೆಗೆ ಅಚ್ಚು ಹಾಕುವುದಿಲ್ಲ. ರೋಲರ್ ಹಾಳೆಯನ್ನು ಹಿಡಿದು ಎಳೆಯಬೇಕು, ಲೇಸರ್ ಆದರೆ ಟೋನರ್ ತುದಿಗೆ ಹೋಗಿ ಒಳಗೆಲ್ಲ ಉದುರಬಾರದು. ಹಾಗಾಗಿ ಸುತ್ತಲೂ ಒಂದಿಷ್ಟು ಜಾಗವನ್ನು ಮಷೀನ್ ಮುಟ್ಟುವುದೇ ಇಲ್ಲ. ಆಫೀಸ್ ಲೇಸರ್‌ಗಳಲ್ಲಿ ಅದು ಸಾಮಾನ್ಯವಾಗಿ 4-5 ಮಿ.ಮೀ. ಇರುತ್ತದೆ. ಉಳಿದ ಒಳಗಿನ ಭಾಗವೇ ಪ್ರಿಂಟೆಬಲ್ ಏರಿಯಾ. ಆಟೋಕ್ಯಾಡ್ ಲೇಔಟ್‌ನಲ್ಲಿ ಬಿಳಿ ಹಾಳೆಯ ಒಳಗೆ ತುಂಡು ತುಂಡು ಗೆರೆಯ ಒಂದು ಬಾಕ್ಸ್ ಕಾಣುತ್ತದಲ್ಲ, ಅದೇ ಇದು. ಬಹಳ ಜನ ಅದನ್ನು ವರ್ಷಗಟ್ಟಲೆ ನೋಡಿರುತ್ತಾರೆ, ಅದು ಯಾಕಿದೆ ಅಂತ ಕೇಳಿಕೊಂಡಿರುವುದಿಲ್ಲ.

ಮುಖ್ಯ ವಿಷಯ ಇಲ್ಲಿದೆ. ಲೇಔಟ್‌ನ 0,0 ಹಾಳೆಯ ಮೂಲೆಯಲ್ಲಿ ಇರುವುದಿಲ್ಲ. ಸುಮ್ನೆ ಬಿಟ್ಟರೆ ಅದು ಆ ತುಂಡು ಗೆರೆಯ ಬಾಕ್ಸಿನ ಕೆಳಗಿನ ಎಡಮೂಲೆಯಲ್ಲಿ ಇರುತ್ತದೆ. ನೀವು 0,0 ಅಂದುಕೊಂಡು 420 x 297 ಬಾಕ್ಸ್ ಹಾಕಿದಿರಿ. ಅದು ಹಾಳೆಯ ಮೂಲೆಯಿಂದ 5 ಒಳಗೆ, 5 ಮೇಲೆ ಶುರುವಾಯಿತು. ಬಾರ್ಡರ್ ಎಡಕ್ಕೆ 10 ಕೂಡಿಸಿ 5, ಅಂದರೆ 15ಕ್ಕೆ ಹೋಯಿತು. ಬಲಗಡೆ ಗೆರೆ ಹಾಳೆಯ ತುದಿಯಿಂದ ಸರಿಯಾಗಿ 5 ಮಿ.ಮೀ.ಗೆ, ಅಂದರೆ ಮಷೀನ್ ಅಚ್ಚು ಹಾಕುವ ಕೊನೆಯ ಗಡಿಯ ಮೇಲೆ ಬಿದ್ದಿತು. ಮೇಲಿನ ಗೆರೆಯದೂ ಅದೇ ಕತೆ. ಹಾಳೆ ಅರ್ಧ ಮಿ.ಮೀ. ಆಚೀಚೆ ಎಳೆದುಕೊಂಡಿತು ಅಂದರೆ ಗೆರೆ ಹೋಯಿತು. ಒಮ್ಮೊಮ್ಮೆ ಬರುತ್ತದೆ, ಒಮ್ಮೊಮ್ಮೆ ಬರುವುದಿಲ್ಲ ಅಂತ ನೀವು ಬರೆದದ್ದಕ್ಕೆ ಕಾರಣ ಇದೇ.

ಇದನ್ನು ಸರಿ ಮಾಡಲು ಸುಲಭದ ದಾರಿ ಪೇಜ್ ಸೆಟಪ್‌ನಲ್ಲೇ, ಅಂದರೆ ಪ್ರಿಂಟ್ ಹೇಗೆ ಬರಬೇಕು ಅಂತ ಹೇಳುವ ಕಿಟಕಿಯಲ್ಲೇ ಇದೆ. ಪ್ಲಾಟ್ ಏರಿಯಾ ಲೇಔಟ್ ಅಂತಲೇ ಇರಲಿ, ಸ್ಕೇಲ್ 1:1 ಇರಲಿ, ಪ್ಲಾಟ್ ಆಫ್‌ಸೆಟ್‌ನಲ್ಲಿ (ಡ್ರಾಯಿಂಗನ್ನು ಎಷ್ಟು ಜರುಗಿಸಬೇಕು ಅನ್ನುವ ಅಂಕಿ) ಎಕ್ಸ್ ಜಾಗದಲ್ಲಿ -5, ವೈ ಜಾಗದಲ್ಲಿ -5 ಹಾಕಿ. ಮೈನಸ್ ಮರೆಯಬೇಡಿ. ಆಗ 0,0 ಹಾಳೆಯ ನಿಜವಾದ ಮೂಲೆಗೆ ಬಂದು ಕೂಡುತ್ತದೆ. ನಿಮ್ಮ 420 x 297 ಬಾಕ್ಸ್ ಬಿಳಿ ಹಾಳೆಯ ಮೇಲೆ ಸರಿಯಾಗಿ ಕೂತಿದೆಯೋ ಇಲ್ಲವೋ ಅಂತ ಲೇಔಟ್‌ನಲ್ಲೇ ಕಾಣುತ್ತದೆ, ಪ್ರಿಂಟ್ ತೆಗೆಯುವ ಮೊದಲೇ. ನಿಮ್ಮ ಪ್ರಿಂಟರ್‌ಗೆ 5 ಸರಿ, ಬೇರೆಯದಕ್ಕೆ 4.2 ಇರಬಹುದು, ಎಡಕ್ಕೊಂದು ಕೆಳಗೊಂದು ಬೇರೆ ಇರಬಹುದು. ಪ್ಲಾಟರ್ (ಆಟೋಕ್ಯಾಡ್ ಪ್ರಿಂಟರ್‌ಗೂ ಹೀಗೇ ಅನ್ನುತ್ತದೆ) ಪ್ರಾಪರ್ಟೀಸ್‌ಗೆ ಹೋಗಿ ಹಾಳೆಯ ಸೈಜ್ ಮೇಲೆ ನಿಂತು ಪ್ರಿಂಟೆಬಲ್ ಏರಿಯಾ ನೋಡಿದರೆ ನಾಲ್ಕೂ ಕಡೆಯ ಅಂಕಿ ಸಿಗುತ್ತದೆ.

ಅದೇ ಜಾಗದಲ್ಲಿ ಆ ಅಂಕಿಗಳನ್ನು ಬದಲಿಸಿ ಸೊನ್ನೆ ಮಾಡುವ ಅವಕಾಶವೂ ಇದೆ. ಕೆಲವರು ಹಾಗೆ ಮಾಡಿ "ಆಯ್ತು, ಈಗ ಪೂರ್ತಿ ಹಾಳೆ ಸಿಕ್ತು" ಅಂತ ಖುಷಿಪಡುತ್ತಾರೆ. ನಿಜವಾದ ಪ್ರಿಂಟರ್‌ಗೆ ದಯವಿಟ್ಟು ಹೀಗೆ ಮಾಡಬೇಡಿ. ಆಟೋಕ್ಯಾಡ್ ನಂಬುತ್ತದೆ, ಮಷೀನ್ ನಂಬುವುದಿಲ್ಲ. ಅದಕ್ಕೆ ಆಗದ ಜಾಗದಲ್ಲಿ ಅದು ಅಚ್ಚು ಹಾಕುವುದಿಲ್ಲ. ಪರದೆಯ ಮೇಲೆ ಸರಿ ಕಂಡದ್ದು ಹಾಳೆಯ ಮೇಲೆ ಕತ್ತರಿಸಿ ಬರುತ್ತದೆ.

ಇನ್ನೊಂದು ದಾರಿ ಅನೇಕರು ಹಿಡಿಯುತ್ತಾರೆ: ಪ್ಲಾಟ್ ಏರಿಯಾಕ್ಕೆ ಎಕ್ಸ್‌ಟೆಂಟ್ಸ್ (ಎಳೆದದ್ದೆಲ್ಲ ಸೇರುವಷ್ಟು ಜಾಗ) ಆರಿಸಿ, ಸೆಂಟರ್ ದಿ ಪ್ಲಾಟ್‌ಗೆ ಟಿಕ್ ಹಾಕುವುದು. ಲೇಔಟ್ ಅಂತ ಆರಿಸಿದರೆ ಆ ಟಿಕ್ ಕೆಲಸ ಮಾಡುವುದಿಲ್ಲ, ಅದಕ್ಕೇ ಎಕ್ಸ್‌ಟೆಂಟ್ಸ್‌ಗೆ ಹೋಗುತ್ತಾರೆ. ನನಗೆ ಇದು ಇಷ್ಟವಿಲ್ಲ. ಬಾರ್ಡರ್ ಹೊರಗೆ ಎಲ್ಲೋ ಮರೆತು ಬಿಟ್ಟ ಒಂದು ಗೆರೆ, ಒಂದು ಪುಟ್ಟ ಟೆಕ್ಸ್ಟ್ ಇದ್ದರೂ ಸಾಕು, ಎಕ್ಸ್‌ಟೆಂಟ್ಸ್ ಅದನ್ನೂ ಲೆಕ್ಕಕ್ಕೆ ಹಿಡಿದು ಇಡೀ ಡ್ರಾಯಿಂಗನ್ನು ಜರುಗಿಸುತ್ತದೆ. ಇವತ್ತು ಸರಿ ಬಂದದ್ದು ನಾಳೆ ಸರಿ ಬರುವುದಿಲ್ಲ, ಯಾಕೆ ಅಂತ ಹುಡುಕುತ್ತ ಕೂಡಬೇಕು. ಲೇಔಟ್, 1:1, ಗೊತ್ತಿರುವ ಆಫ್‌ಸೆಟ್: ಇವು ಮೂರು ಇದ್ದರೆ ಅಚ್ಚರಿಗೆ ಜಾಗವೇ ಇರುವುದಿಲ್ಲ.

ಇಷ್ಟಾದರೂ ಸಾಫ್ಟ್‌ವೇರ್ ಹೇಳುವ ಮಾರ್ಜಿನ್ ಮತ್ತು ಮಷೀನ್ ನಿಜವಾಗಿ ಬಿಡುವ ಮಾರ್ಜಿನ್ ಒಂದೇ ಇರಬೇಕು ಅಂತಿಲ್ಲ. ಹೊಸ ಪ್ರಿಂಟರ್ ಕೈಗೆ ಬಂದರೆ ನಾನು ಮೊದಲು ಒಂದು ಪರೀಕ್ಷೆಯ ಹಾಳೆ ತೆಗೆಯುತ್ತೇನೆ. 420 x 297 ಬಾಕ್ಸ್ ಹಾಕಿ, ಪ್ರತಿ ತುದಿಯಿಂದ ಒಳಕ್ಕೆ 2, 3, 4 ಹೀಗೆ 20 ಮಿ.ಮೀ.ವರೆಗೆ ಒಂದೊಂದು ಸಣ್ಣ ಗೆರೆ ಎಳೆಯುತ್ತೇನೆ. ಗೆರೆಗಳನ್ನು ಮೆಟ್ಟಿಲಿನ ಹಾಗೆ ಪಕ್ಕಪಕ್ಕ ಜರುಗಿಸಿ, ಪ್ರತಿಯೊಂದರ ಪಕ್ಕದಲ್ಲಿ ಅದರ ಅಂಕಿ ಬರೆಯುತ್ತೇನೆ. ನಾಲ್ಕು ತುದಿಗೆ ಅ, ಆ, ಇ, ಈ ಅಂತ ಹೆಸರು. ಹಾಳೆ ಮಷೀನ್‌ಗೆ ಯಾವ ತುದಿಯಿಂದ ಒಳಗೆ ಹೋಯಿತು ಅಂತ ನೋಡಿಕೊಂಡು ಅಲ್ಲಿ ಪೆನ್ಸಿಲಿನಿಂದ ಬಾಣ ಹಾಕುತ್ತೇನೆ. ಹಾಳೆಯಲ್ಲಿ ಕಾಣುವ ಅತಿ ಸಣ್ಣ ಅಂಕಿಯೇ ಆ ತುದಿಯ ನಿಜವಾದ ಮಾರ್ಜಿನ್. ಅ ತುದಿಯಲ್ಲಿ 4ರ ಗೆರೆ ಇಲ್ಲ, 5ರದು ಇದೆ ಅಂದರೆ ಅಲ್ಲಿ 5 ಹಿಡಿಯಿರಿ.

ಆಮೇಲೆ ಸ್ಟೀಲ್ ಪಟ್ಟಿ ತೆಗೆದುಕೊಂಡು 10ರ ಗೆರೆ ನಿಜವಾಗಿ ತುದಿಯಿಂದ 10ಕ್ಕೇ ಇದೆಯಾ ನೋಡಿ. ಒಂದು ಕಡೆ 11, ಎದುರು 9 ಬಂದರೆ ಹಾಳೆ ಎಳೆದುಕೊಳ್ಳುವಾಗ 1 ಮಿ.ಮೀ. ಜರುಗುತ್ತಿದೆ. ಐದು ಹಾಳೆ ತೆಗೆಯಿರಿ. ಐದರಲ್ಲೂ ಅದೇ 11 ಮತ್ತು 9 ಬಂದರೆ ಆಫ್‌ಸೆಟ್‌ನಲ್ಲಿ 1 ಮಿ.ಮೀ. ಸೇರಿಸಿ ಸರಿ ಮಾಡಬಹುದು. ಒಂದೊಂದರಲ್ಲಿ ಒಂದೊಂದು ಬಂದರೆ ಆಟೋಕ್ಯಾಡ್ ಮುಟ್ಟಬೇಡಿ. ಟ್ರೇ ತೆಗೆದು ಪಕ್ಕದ ಗೈಡ್ ಹಾಳೆಗೆ ತಾಗಿದೆಯಾ ನೋಡಿ. ಹತ್ತರಲ್ಲಿ ಎಂಟು ಸಲ ಅಲ್ಲೇ ಸಡಿಲ ಇರುತ್ತದೆ ಅನ್ನುವುದು ನನ್ನ ಅನುಭವ.

ಹಾಳೆಯನ್ನೂ ಅಳೆಯಿರಿ. ಇದನ್ನು ಯಾರೂ ಮಾಡುವುದಿಲ್ಲ. ಒಮ್ಮೆ ನನ್ನ ಕೈಗೆ ಬಂದ ಒಂದು ರಿಮ್‌ನ ಹಾಳೆ 297ರ ಬದಲು 295 ಇತ್ತು, ಅದೂ ಒಂದು ಮೂಲೆ ಸರಿಯಾದ ಲಂಬಕೋನದಲ್ಲಿ ಇರಲಿಲ್ಲ. ಅಂಥ ಹಾಳೆಯಲ್ಲಿ ಯಾವ ಸೆಟ್ಟಿಂಗ್ ಮಾಡಿದರೂ ಬಾರ್ಡರ್ ಸಮ ಬರುವುದಿಲ್ಲ. ಮಳೆಗಾಲದ ಮಾತೂ ಇಲ್ಲಿ ಬರುತ್ತದೆ. ಜೂನ್ ಶುರುವಾಗಿ ಧಾರವಾಡದ ಜಿಟಿಜಿಟಿ ಮಳೆ ಹಿಡಿಯಿತು ಅಂದರೆ ಬಿಚ್ಚಿಟ್ಟ ರಿಮ್ ತೇವ ಕುಡಿಯುತ್ತದೆ. ಕಾಗದ ತೇವಕ್ಕೆ ಹಿಗ್ಗುತ್ತದೆ, ನಾರಿಗೆ ಅಡ್ಡಲಾಗಿ ಜಾಸ್ತಿ ಹಿಗ್ಗುತ್ತದೆ, ಅಂಚು ಅಲೆ ಅಲೆಯಾಗಿ ಏಳುತ್ತದೆ, ರೋಲರ್ ಅದನ್ನು ವಾರೆಯಾಗಿ ಎಳೆಯುತ್ತದೆ. ಟ್ರೇಸಿಂಗ್ ಕಾಗದದಲ್ಲಂತೂ ಇದು ಕಣ್ಣಿಗೇ ಕಾಣುತ್ತದೆ. ಬೇಕಾದಷ್ಟು ಹಾಳೆ ಮಾತ್ರ ಟ್ರೇಗೆ ಹಾಕಿ, ಉಳಿದದ್ದನ್ನು ಅದರ ಹೊದಿಕೆಯಲ್ಲೇ ಸುತ್ತಿ ಕಪಾಟಿನಲ್ಲಿಡಿ.

ಈಗ ಅಂಗಡಿಯ ಪ್ರತಿ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಇದರಿಂದ ಆಗುವ ನಷ್ಟ ನಾನು ಕಂಡಿದ್ದೇನೆ.

ಅಂಗಡಿಯಲ್ಲಿ ಪಿಡಿಎಫ್ ತೆರೆದು ಪ್ರಿಂಟ್ ಕೊಟ್ಟಾಗ ಒಂದು ಕಿಟಕಿ ಬರುತ್ತದೆ. ಅದರಲ್ಲಿ ಫಿಟ್, ಆ್ಯಕ್ಚುವಲ್ ಸೈಜ್, ಶ್ರಿಂಕ್ ಓವರ್‌ಸೈಜ್ಡ್ ಪೇಜಸ್, ಕಸ್ಟಮ್ ಸ್ಕೇಲ್ ಅಂತ ಇರುತ್ತವೆ. ಫಿಟ್ ಅಂದರೆ ಪಿಡಿಎಫ್‌ನ ಇಡೀ ಪುಟವನ್ನು ಮಷೀನ್‌ನ ಪ್ರಿಂಟೆಬಲ್ ಏರಿಯಾದೊಳಗೆ ಕೂರಿಸು ಅಂತ. ಎ3 ಹಾಳೆಯಲ್ಲಿ ಸುತ್ತಲೂ 5 ಮಿ.ಮೀ. ಹೋದರೆ ಉಳಿಯುವುದು 410 x 287. 297ನ್ನು 287ರಲ್ಲಿ ಕೂರಿಸಬೇಕು ಅಂದರೆ 96.6 ಪರ್ಸೆಂಟ್‌ಗೆ ಇಳಿಸಬೇಕು. ನಿಮ್ಮ 400 x 277 ಬಾರ್ಡರ್ 386.5 x 267.7 ಆಗುತ್ತದೆ. ಅದನ್ನು ಹಾಳೆಯ ನಡುವೆ ಇಟ್ಟರೆ ಎಡ-ಬಲಕ್ಕೆ 16.7, ಮೇಲೆ-ಕೆಳಗೆ 14.7 ಉಳಿಯುತ್ತದೆ. ನೀವು ಅಳೆದದ್ದು 17 ಮತ್ತು 15. ಅಂಗಡಿಯಲ್ಲಿ ಏನು ಒತ್ತಿದ್ದಾರೆ ಅಂತ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ.

ಶ್ರಿಂಕ್ ಓವರ್‌ಸೈಜ್ಡ್ ಪೇಜಸ್ ಕೂಡ ಇಂಥ ಪುಟಕ್ಕೆ ಅದನ್ನೇ ಮಾಡುತ್ತದೆ. ಪಿಡಿಎಫ್ ಪುಟ ಪ್ರಿಂಟೆಬಲ್ ಏರಿಯಾಕ್ಕಿಂತ ದೊಡ್ಡದು ಅಂತ ಅದು ತಿಳಿದು ಕುಗ್ಗಿಸುತ್ತದೆ. ಹೆಸರು ನೋಡಿ ಮೋಸ ಹೋಗಬೇಡಿ.

3.4 ಪರ್ಸೆಂಟ್ ಅಂದರೆ ಏನು ಮಹಾ ಅನ್ನಿಸಬಹುದು. 30 x 40 ಸೈಟಿನ ಪ್ಲ್ಯಾನ್ ಹಿಡಿಯಿರಿ. ಆ ಹಾಳೆಯ ಮೇಲೆ ಗೌಂಡಿ ಸ್ಕೇಲ್ ಇಟ್ಟು ಅಳೆದರೆ 30 ಅಡಿ ಗೋಡೆ 29 ಅಡಿ ತೋರಿಸುತ್ತದೆ, 40 ಅಡಿ ಗೋಡೆ 38 ಅಡಿ 8 ಇಂಚು ತೋರಿಸುತ್ತದೆ. ಬರೆದ ಅಳತೆ ನೋಡಿ ಕೆಲಸ ಮಾಡಬೇಕು, ಹಾಳೆ ಅಳೆಯಬಾರದು ಅಂತ ನಾವೆಲ್ಲ ಹೇಳುತ್ತೇವೆ, ನಿಜ. ಆದರೆ ಡೈಮೆನ್ಷನ್ ಹಾಕಲು ಮರೆತ ಒಂದು ಕಿಟಕಿಗೆ ಸೈಟಿನಲ್ಲಿ ನಿಂತವನು ಏನು ಮಾಡುತ್ತಾನೆ? ಪಟ್ಟಿ ಇಟ್ಟೇ ಇಡುತ್ತಾನೆ.

ಹುಬ್ಬಳ್ಳಿ ಗೋಕುಲ ರೋಡಿನ ಕಡೆ ಒಂದು ಶೆಡ್ ಕೆಲಸಕ್ಕೆ ಬೇಸ್ ಪ್ಲೇಟ್ (ಕಂಬದ ಬುಡಕ್ಕೆ ಬೋಲ್ಟ್ ಹಾಕಿ ಕೂರಿಸುವ ಪ್ಲೇಟ್) ಡ್ರಾಯಿಂಗ್ ಕೊಟ್ಟಿದ್ದೆ. ಬಹಳ ವರ್ಷದ ಮಾತು. 250 ಚೌಕದ ಪ್ಲೇಟ್, ನಾಲ್ಕು ತೂತು, ತೂತಿಂದ ತೂತಿಗೆ 200 ಮಿ.ಮೀ. ಫ್ಯಾಬ್ರಿಕೇಶನ್ ಮಾಡುವವರಿಗೆ ಅನುಕೂಲ ಆಗಲಿ ಅಂತ ಎ3ಯಲ್ಲಿ 1:1ಕ್ಕೆ ಹಾಕಿ, ಪ್ಲೇಟ್ ಮೇಲೆ ಅಂಟಿಸಿ ಪಂಚ್ ಹೊಡೆಯಲಿ ಅಂತ ಹಾಳೆ ತೆಗೆಸಿ ಕಳಿಸಿದೆ. ಅಂಗಡಿಯ ಹುಡುಗ "ಪೂರಾ ಬಂದೈತಿ ನೋಡ್ರಿ ಸರ, ಏನೂ ಕಟ್ ಆಗಿಲ್ರಿ" ಅಂತ ಹಾಳೆ ಸುತ್ತಿ ಕೊಟ್ಟ. ನಾನೂ ಬಿಚ್ಚಿ ನೋಡಿದೆ, ಬಾರ್ಡರ್ ನಾಲ್ಕೂ ಗೆರೆ ಇದ್ದವು, ತೃಪ್ತಿಯಾಯಿತು. ಎರಡು ದಿನ ಬಿಟ್ಟು ಶೆಡ್‌ನಿಂದ ಫೋನ್ ಬಂತು. ಹೋಗಿ ನೋಡಿದರೆ ಕಾಂಕ್ರೀಟ್‌ನಲ್ಲಿ ಕೂತ ಬೋಲ್ಟ್‌ಗಳು 200ಕ್ಕೆ ಇವೆ, ಪ್ಲೇಟಿನ ತೂತು 193ಕ್ಕೆ ಇವೆ. ಪ್ಲೇಟ್ ಒಂದು ಬದಿ ಬೋಲ್ಟಿಗೆ ಕೂತಿದೆ, ಇನ್ನೊಂದು ಬದಿ ಬೋಲ್ಟಿನ ತಲೆಯ ಮೇಲೆ ಕೂತು ಅಲುಗಾಡುತ್ತಿದೆ. ವೆಲ್ಡಿಂಗ್ ಮಾಡುವ ಹಿರಿಯರು ಕಾಗದವನ್ನು ನನ್ನ ಮುಂದೆ ಹಿಡಿದು, "ಸಾಹೇಬ್ರ, ನಾವು ನಿಮ್ಮ ಕಾಗದಾನ ಇಟ್ಟು ಹೊಡದೇವ್ರಿ" ಅಂದರು. ಅವರದು ಏನೂ ತಪ್ಪಿರಲಿಲ್ಲ.

ಅವತ್ತು ಆ ಹಾಳೆಗೆ ಪಟ್ಟಿ ಇಟ್ಟೆ. ಮಾರ್ಜಿನ್ 10 ಇರಬೇಕಾದಲ್ಲಿ 17 ಇತ್ತು. ಅಂಗಡಿಯಲ್ಲಿ ಬಿಚ್ಚಿದಾಗಲೇ ಬಾರ್ಡರ್ ಎಲ್ಲ ಹೇಳಿತ್ತು, ನಾನು ಅಳೆದಿರಲಿಲ್ಲ. ಅಂದಿನಿಂದ ಬಾರ್ಡರನ್ನು ನಾನು ಅಲಂಕಾರ ಅಂತ ನೋಡುವುದಿಲ್ಲ. ಹಾಳೆಯ ತುದಿಯಿಂದ ಬಾರ್ಡರ್‌ಗೆ ಇರುವ ದೂರವೇ ಆ ಹಾಳೆಯ ಮೊದಲ ಡೈಮೆನ್ಷನ್. ಅದು ಸರಿ ಇದ್ದರೆ ಒಳಗಿನದನ್ನು ನಂಬಬಹುದು.

ಹಾಗಾಗಿ ಅಂಗಡಿಗೆ ಕೊಡುವ ಪಿಡಿಎಫ್‌ಗೆ ಒಂದು ಕ್ರಮ ಇಟ್ಟುಕೊಳ್ಳಿ. ಆಟೋಕ್ಯಾಡ್‌ನಲ್ಲಿ ಡಿಡಬ್ಲ್ಯೂಜಿ ಟು ಪಿಡಿಎಫ್ ಪ್ಲಾಟರ್ ಆರಿಸಿ, ಹಾಳೆ ಸೈಜ್‌ಗಳ ಲಿಸ್ಟ್‌ನಲ್ಲಿ ಐಎಸ್‌ಒ ಫುಲ್ ಬ್ಲೀಡ್ ಎ3, 420 x 297 ಅಂತ ಇರುವುದನ್ನೇ ತೆಗೆದುಕೊಳ್ಳಿ. ಫುಲ್ ಬ್ಲೀಡ್ ಅಂದರೆ ಮಾರ್ಜಿನ್ ಸೊನ್ನೆ, ಹಾಗಾಗಿ ಇಲ್ಲಿ 0,0 ಹಾಳೆಯ ಮೂಲೆಯಲ್ಲೇ ಇರುತ್ತದೆ, ಆಫ್‌ಸೆಟ್ ಕೂಡ ಸೊನ್ನೆ. ಅದರ ಹಿಂದೆಯೇ ಬರಿ ಎ3 ಅಂತ ಇನ್ನೊಂದು ಇರುತ್ತದೆ, ಅದು ಬೇಡ. ಆ ಲಿಸ್ಟ್‌ನಲ್ಲಿ 11 x 17 ಇಂಚಿನ ಹಾಳೆಯೂ ಇರುತ್ತದೆ. ಅದು ಅಮೆರಿಕದ ಅಳತೆ, 279 x 432 ಮಿ.ಮೀ. ನೋಡಲಿಕ್ಕೆ ಎ3 ತರಹ, ಆದರೆ ನಮ್ಮ ಎ3ಗಿಂತ ಗಿಡ್ಡ ಮತ್ತು ಉದ್ದ. ಇಂಟರ್‌ನೆಟ್‌ನಿಂದ ಇಳಿಸಿದ ಟೈಟಲ್ ಬ್ಲಾಕ್ ಬಳಸುವವರು ಇದನ್ನು ಒಮ್ಮೆ ನೋಡಿಕೊಳ್ಳಬೇಕು.

ಅಂಗಡಿಯಲ್ಲಿ ಆ್ಯಕ್ಚುವಲ್ ಸೈಜ್ ಒತ್ತಲು ಹೇಳಿ. ಹೇಳಿದರೆ ಸಾಲದು, ಪರದೆ ನೋಡಿ. ಹುಬ್ಬಳ್ಳಿ ವಿದ್ಯಾನಗರದ ಕಾಲೇಜುಗಳ ಸುತ್ತ ಸಂಜೆ ಹೊತ್ತು ಅಂಗಡಿಗಳ ಮುಂದೆ ಸಾಲು ಇರುತ್ತದೆ. ಪ್ರಾಜೆಕ್ಟ್ ರಿಪೋರ್ಟ್ ತೆಗೆಯುವ ಕೈ ಅದೇ ವೇಗದಲ್ಲಿ ನಿಮ್ಮ ಡ್ರಾಯಿಂಗನ್ನೂ ತೆಗೆಯುತ್ತದೆ, ರಿಪೋರ್ಟ್‌ಗೆ ಫಿಟ್ ಸರಿಯೇ ಅಲ್ವಾ. ಹುಡುಗನಿಗೆ "ತಮ್ಮಾ, ಫಿಟ್ ಬ್ಯಾಡ, ಆ್ಯಕ್ಚುವಲ್ ಕೊಡು" ಅಂದರೆ ಖಂಡಿತ ಕೊಡುತ್ತಾನೆ. ನೀವು ಹಾವೇರಿಯಿಂದ ಫೈಲ್ ಕಳಿಸಿ ಬೇರೆಯವರಿಂದ ತೆಗೆಸುವುದಾದರೆ ಫೈಲಿನ ಹೆಸರಿನಲ್ಲೇ ಎ3-ಆ್ಯಕ್ಚುವಲ್-ಸೈಜ್ ಅಂತ ಸೇರಿಸಿ. ಟೈಟಲ್ ಬ್ಲಾಕ್ ಪಕ್ಕದಲ್ಲಿ 100 ಮಿ.ಮೀ. ಉದ್ದದ ಒಂದು ಗೆರೆ ಎಳೆದು, ಪ್ರತಿ 10ಕ್ಕೆ ಗುರುತು ಹಾಕಿ, "ಇದು 100 ಮಿ.ಮೀ. ಇರಬೇಕು" ಅಂತ ಬರೆಯಿರಿ. ಇದು ನನ್ನ ಕಲ್ಪನೆಯಲ್ಲ. ಡ್ರಾಯಿಂಗ್ ಹಾಳೆಗೆ ಇರುವ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 5457, ಅದರ 1980ರ ಆವೃತ್ತಿಯಲ್ಲೇ ಕನಿಷ್ಠ 100 ಮಿ.ಮೀ. ಉದ್ದದ, ಸೆಂಟಿಮೀಟರ್ ಗುರುತಿನ ಪಟ್ಟಿಯನ್ನು ಹಾಳೆಯ ಮೇಲೆ ಹಾಕುವ ಮಾತಿತ್ತು.

ಮಾನಕದ ಮಾತು ಬಂತು, ಹಾಗಾಗಿ ಇದನ್ನೂ ಹೇಳುತ್ತೇನೆ. ನಿಮಗೆ ನಿಜವಾಗಿ ನಾಲ್ಕೂ ಕಡೆ ಸಮ ಬೇಕೇ? 1999ರ ಐಎಸ್‌ಒ 5457 ಪ್ರಕಾರ ಎಡಕ್ಕೆ 20 ಮಿ.ಮೀ., ಉಳಿದ ಮೂರು ಕಡೆ 10 ಮಿ.ಮೀ. ಎ4 ಇರಲಿ ಎ0 ಇರಲಿ, ಅಷ್ಟೇ. ನಮ್ಮ ದೇಶದಲ್ಲಿ ಡ್ರಾಯಿಂಗ್ ಹಾಳೆಗೆ ಇರುವ ಮಾನಕ ಐಎಸ್ 10711. ಎಡಗಡೆಯ 20 ಫೈಲಿಗೆ ಹಾಕಲು, ಪಂಚ್ ಮಾಡಲು. ಹಾಗೆ ಮಾಡಿದರೆ ಎ3ಯಲ್ಲಿ ಬಾರ್ಡರ್ ಒಳಗೆ 390 x 277 ಸಿಗುತ್ತದೆ, ಎ1ರಲ್ಲಿ 811 x 574. ಬಾರ್ಡರ್ ಗೆರೆ 0.7 ಮಿ.ಮೀ. ದಪ್ಪ. ಗೋಡೆಗೆ ಹಚ್ಚುವ ಹಾಳೆಯಾದರೆ ನಾಲ್ಕೂ ಕಡೆ ಸಮ ಚೆಂದ, ನಿಜ. ಫೈಲಿಗೆ ಹೋಗುವ ಹಾಳೆಯಾದರೆ ಎಡಕ್ಕೆ 20 ಬಿಡಿ, ಇಲ್ಲದಿದ್ದರೆ ಪಂಚ್ ತೂತು ಬಾರ್ಡರ್ ಮೇಲೆ ಬಿದ್ದು ಎಷ್ಟು ಸಮ ಮಾಡಿದರೂ ವ್ಯರ್ಥ.

ಜಾಗ ಜಾಸ್ತಿ ಸಿಗಲಿ ಅಂತ ಬಾರ್ಡರನ್ನು ತುದಿಗೆ ತಳ್ಳುವ ಅಭ್ಯಾಸ ಕೆಲವರಿಗಿದೆ, 5 ಮಿ.ಮೀ., 4 ಮಿ.ಮೀ. ಹಾಗೆ. ಬೇಡ. ಯಾವ ಮಷೀನ್ ಆದರೂ ಅರ್ಧ, ಒಂದು ಮಿ.ಮೀ. ಆಚೀಚೆ ಮಾಡಿಯೇ ಮಾಡುತ್ತದೆ. 10 ಇದ್ದಲ್ಲಿ 11 ಆದರೆ ಕಣ್ಣಿಗೆ ಗೊತ್ತಾಗುವುದಿಲ್ಲ. 4 ಇದ್ದಲ್ಲಿ 5 ಆಗಿ ಎದುರು ಕಡೆ 3 ಆದರೆ ಇಡೀ ಹಾಳೆ ವಾರೆ ಕಾಣುತ್ತದೆ.

ಆ 20 ಮಿ.ಮೀ.ಗೆ ಇನ್ನೊಂದು ಉಪಯೋಗ ಇದೆ, ಬಿಡಿ ಹಾಳೆ ಹಾಕುವ ಇಂಕ್‌ಜೆಟ್ ಪ್ಲಾಟರ್ ಇರುವವರಿಗೆ. ಇಂಥ ಅನೇಕ ಮಷೀನ್‌ಗಳು ಮೂರು ಕಡೆ 5 ಮಿ.ಮೀ. ಬಿಟ್ಟರೆ, ಹಾಳೆಯ ಕೊನೆಯ ತುದಿಯಲ್ಲಿ 17 ಮಿ.ಮೀ. ಬಿಡುತ್ತವೆ. ಕೊನೆಗೆ ರೋಲರ್ ಹಿಡಿದುಕೊಳ್ಳಲು ಅಷ್ಟು ಕಾಗದ ಬೇಕು. 10ಕ್ಕೆ ಎಳೆದ ಬಾರ್ಡರ್ ಗೆರೆ ಆ ಕಡೆ ಬರುವುದೇ ಇಲ್ಲ. ಎಷ್ಟೋ ಜನ ಇದಕ್ಕಾಗಿ ನಾಲ್ಕೂ ಕಡೆ 17 ಬಿಟ್ಟು ಡ್ರಾಯಿಂಗ್ ಜಾಗ ಕಳೆದುಕೊಳ್ಳುತ್ತಾರೆ. ಬದಲಿಗೆ, ಆ 17ರ ತುದಿ ನಿಮ್ಮ ಎಡಗಡೆಯ 20ರ ಮಾರ್ಜಿನ್ ಮೇಲೆ ಬೀಳುವ ಹಾಗೆ ಹಾಳೆ ತಿರುಗಿಸಿ. ಪರೀಕ್ಷೆಯ ಹಾಳೆಯಲ್ಲಿ ಬಾಣ ಹಾಕಿದ್ದಿರಲ್ಲ, ಯಾವ ತುದಿ ಕೊನೆಗೆ ಬರುತ್ತದೆ ಅಂತ ಅದರಿಂದ ಗೊತ್ತಾಗುತ್ತದೆ. ಉಲ್ಟಾ ಬಂದರೆ ಪೇಜ್ ಸೆಟಪ್‌ನಲ್ಲಿ ಪ್ಲಾಟ್ ಅಪ್‌ಸೈಡ್ ಡೌನ್‌ಗೆ ಒಂದು ಟಿಕ್, ಅಷ್ಟೆ. 17 ಹೋಗಿ 20ರೊಳಗೆ ಅಡಗುತ್ತದೆ, ಉಳಿದ ಮೂರು ಕಡೆ 10 ಸಲೀಸಾಗಿ ಬರುತ್ತದೆ.

ರೋಲ್ ಪ್ಲಾಟರ್‌ನಲ್ಲಿ ತೆಗೆಸುವಾಗ ಸಮಸ್ಯೆ ಕತ್ತರಿಯದು. 24 ಇಂಚಿನ ರೋಲ್ 610 ಮಿ.ಮೀ. ಅಗಲ. ಎ1 ಬೇಕಾಗಿರುವುದು 594. ಉಳಿಯುವ 16 ಮಿ.ಮೀ.ಯನ್ನು ಯಾರಾದರೂ ಕೈಯಲ್ಲಿ ಕತ್ತರಿಸಬೇಕು. 36 ಇಂಚಿನ ರೋಲ್ 914, ಅದರಲ್ಲಿ ಎ0 ತೆಗೆದರೆ 73 ಮಿ.ಮೀ. ಹೆಚ್ಚು. ಕತ್ತರಿಸುವವರಿಗೆ ಎಲ್ಲಿ ನಿಲ್ಲಬೇಕು ಅಂತ ಗೊತ್ತಿಲ್ಲದಿದ್ದರೆ ಬಾರ್ಡರ್‌ನಿಂದ ಕಣ್ಣಂದಾಜಿಗೆ ಕತ್ತರಿಸುತ್ತಾರೆ. ನೀವು ಮಾಡಬೇಕಾದದ್ದು ಹಾಳೆಯ ನಾಲ್ಕು ಮೂಲೆಯಲ್ಲಿ ಕತ್ತರಿಸುವ ಗುರುತು ಹಾಕುವುದು, ಮತ್ತು ಆ ಗುರುತು ಅಚ್ಚಾಗಲು ಎ1ಗಿಂತ ಸ್ವಲ್ಪ ದೊಡ್ಡ ಪುಟದಲ್ಲಿ ಪಿಡಿಎಫ್ ಮಾಡುವುದು. ಎಷ್ಟು ದೊಡ್ಡದು ಅಂತ ಅಂಗಡಿಯಲ್ಲಿ ರೋಲ್ ಅಗಲ ಕೇಳಿಯೇ ನಿರ್ಧರಿಸಿ. ಪಟ್ಟಿ ಇಟ್ಟು ಬ್ಲೇಡಿನಲ್ಲಿ ಕತ್ತರಿಸಿದರೆ ಇದಕ್ಕಿಂತ ಸಮವಾದ ಬಾರ್ಡರ್ ಬೇರೆ ಯಾವುದರಲ್ಲೂ ಬರುವುದಿಲ್ಲ.

ಎ1 ಡ್ರಾಯಿಂಗನ್ನು ನೋಡಿಕೊಳ್ಳಲಿಕ್ಕೆ ಎ3ಯಲ್ಲಿ ತೆಗೆಯುವವರೂ ಗಮನಿಸಿ. ಎ1ರಿಂದ ಎ3 ಅಂದರೆ ಸರಿಯಾಗಿ ಅರ್ಧ, 1:100 ಹೋಗಿ 1:200 ಆಗುತ್ತದೆ, ಲೆಕ್ಕ ಸುಲಭ. ಆದರೆ ಮಾರ್ಜಿನ್ ಕೂಡ ಅರ್ಧ ಆಗುತ್ತದೆ. 10 ಇದ್ದದ್ದು 5ಕ್ಕೆ ಬಂದು ಮತ್ತೆ ಅದೇ ಗಡಿಯ ಮೇಲೆ ಕೂಡುತ್ತದೆ, ಒಂದು ಗೆರೆ ಮಾಯವಾಗುತ್ತದೆ. ಗೆರೆ ಹೋಯಿತು ಅಂತ ಫಿಟ್ ಒತ್ತಬೇಡಿ. ಗೆರೆ ಹೋದರೂ ಪರವಾಗಿಲ್ಲ, ಅರ್ಧದ ಲೆಕ್ಕ ಉಳಿಯಲಿ, ಕಸ್ಟಮ್ ಸ್ಕೇಲ್ 50 ಹಾಕಿ ತೆಗೆಯಿರಿ.

ಬೇರೆ ಸಾಫ್ಟ್‌ವೇರ್ ಬಳಸುವವರಿಗೂ ಮಾತು ಇದೇ. ಝಡ್‌ಡಬ್ಲ್ಯೂಕ್ಯಾಡ್, ಬ್ರಿಕ್ಸ್‌ಕ್ಯಾಡ್‌ಗಳಲ್ಲಿ ಪೇಜ್ ಸೆಟಪ್ ಹೆಚ್ಚುಕಡಿಮೆ ಇದೇ ತರಹ ಇದೆ. ಲಿಬ್ರೆಕ್ಯಾಡ್‌ನಲ್ಲಿ ಪ್ರಿಂಟ್ ಪ್ರಿವ್ಯೂಗೆ ಹೋದರೆ ಫಿಟ್ ಟು ಪೇಜ್ ಬಟನ್ ಎದುರಿಗೇ ಇರುತ್ತದೆ, ಅದನ್ನು ಬಿಟ್ಟು ಸ್ಕೇಲ್ ನೀವೇ ಕೊಡಿ.

ನಿಮ್ಮ ವಿಷಯಕ್ಕೆ ಬರುತ್ತೇನೆ. ಒಂದೇ ಲೇಔಟ್‌ಗೆ ಎರಡು ಪೇಜ್ ಸೆಟಪ್ ಮಾಡಿ ಹೆಸರು ಕೊಡಿ. "ಆಫೀಸ್ ಪ್ರಿಂಟರ್" ಅನ್ನುವುದರಲ್ಲಿ ನಿಮ್ಮ ಲೇಸರ್, ಎ3, 1:1, ಆಫ್‌ಸೆಟ್ -5, -5. "ಅಂಗಡಿ ಪಿಡಿಎಫ್" ಅನ್ನುವುದರಲ್ಲಿ ಫುಲ್ ಬ್ಲೀಡ್ ಎ3, 1:1, ಆಫ್‌ಸೆಟ್ 0, 0. ಬಾರ್ಡರ್ ಒಂದೇ, ಬದಲಾಗುವುದು ಸೆಟಪ್ ಮಾತ್ರ. ಇದನ್ನು ಟೆಂಪ್ಲೇಟ್ ಆಗಿ ಉಳಿಸಿಕೊಂಡರೆ ಪ್ರತಿ ಹೊಸ ಕೆಲಸ ಇಲ್ಲಿಂದಲೇ ಶುರು. ಹಳೆ ಫೈಲುಗಳಿಗೆ ಬೇಕಾದರೆ ಪಿಸೆಟಪ್‌ಇನ್ ಕಮಾಂಡ್ ಕೊಟ್ಟು ಈ ಟೆಂಪ್ಲೇಟ್ ತೋರಿಸಿ, ಸೆಟಪ್ ಎರಡೂ ಅಲ್ಲಿಗೆ ಬರುತ್ತವೆ. ನೀವು ಹಾಕಿರುವ 420 x 297 ಹೊರ ಬಾಕ್ಸನ್ನು ಅಳಿಸಬೇಡಿ, ಪ್ರಿಂಟ್ ಆಗದ ಲೇಯರ್‌ಗೆ ಹಾಕಿ ಇಟ್ಟುಕೊಳ್ಳಿ. ಅದು ಬಿಳಿ ಹಾಳೆಯ ಮೇಲೆ ಸರಿಯಾಗಿ ಕೂತಿದೆಯಾ ಅಂತ ನೋಡುವುದೇ ನಿಮ್ಮ ಮೊದಲ ಪರೀಕ್ಷೆ.

ಎರಡೂ ಕಡೆ ಒಂದೊಂದು ಪ್ರತಿ ತೆಗೆದು ನಾಲ್ಕು ಮಾರ್ಜಿನ್ ಮತ್ತು ಆ 100ರ ಗೆರೆ ಅಳೆದು ನನಗೆ ಬರೆಯಿರಿ. ಅಂಗಡಿಯ ಪ್ರತಿಯಲ್ಲಿ ಎಡ-ಬಲ ಕೂಡಿಸಿದರೆ 20 ಬಂದು, 100ರ ಗೆರೆ 98 ಅಂತ ಬಂದರೆ ಮಾತ್ರ ಚಿಂತಿಸೋಣ, ಆಗ ಹುಡುಕಬೇಕಾದದ್ದು ವ್ಯೂಪೋರ್ಟ್ ಒಳಗೆ, ಅಂದರೆ ಲೇಔಟ್‌ನಲ್ಲಿ ಡ್ರಾಯಿಂಗ್ ಕಾಣುವ ಕಿಟಕಿಯೊಳಗೆ. ಆ ಗೆರೆಯನ್ನು ಲೇಔಟ್ ಬದಲು ಮಾಡೆಲ್‌ನಲ್ಲಿ (ಮೂಲ ಡ್ರಾಯಿಂಗ್ ಮಾಡುವ ಕಡೆ) ಎಳೆದಿರುತ್ತೀರಿ.